ವರ್ಲೀನ್‌ಳ ಸಾಕ್ಷಿ

ವರ್ಲೀನ್ ಸಗ್ಸ್ ಬಾಯಿಬಡುಕಿ ಎಂಬುದು ಅಮೆರಿಕದ ಟೆನೆಸೀಯ ಆ ಹೆದ್ದಾರಿ ಊರಿಗೆಲ್ಲ ಗೊತ್ತಿತ್ತು. ಗೊತ್ತಿರಲಿ ಬಿಡಿ. ಗಂಡ ಕುಡಿದು ಕೈ ಎತ್ತಿದ ದಿನವೇ ಅವನ ಬೂಟುಗಳನ್ನು ಅಂಗಳಕ್ಕೆ ಎಸೆದವಳು ಅವಳು. ಮೋಟೆಲ್‌ನಲ್ಲಿ ಕಂಡವರ ಹಾಸಿಗೆ ಬಟ್ಟೆ ಬದಲಿಸುತ್ತ ಎರಡು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕಿದಳು. ಯಾರ ಮುಲಾಜಿಗೂ ಬೀಳಲಿಲ್ಲ.

ಮೋಟೆಲ್ ಮಾಲೀಕ ಹಾಯ್ಟ್ ಲೆಡ್‌ಬೆಟರ್ ಚರ್ಚಿನ ಹಿರಿಯರಲ್ಲೊಬ್ಬ. ಆ ಚಳಿಗಾಲ ಹಿಂದಿನ ಸಾಲಿನ ಕೋಣೆಯನ್ನು ಒಬ್ಬ ಗಂಡಸಿಗೆ ದುಪ್ಪಟ್ಟು ಬಾಡಿಗೆಗೆ ಕೊಟ್ಟ. ಒಳಗೊಂದು ಹುಡುಗಿ. ದಿನವಿಡೀ ಬೇರೆ ಬೇರೆ ಗಂಡಸರು ಬಂದು ಹೋಗುತ್ತಿದ್ದರು. ಹುಡುಗಿ ಬಾಗಿಲ ಸಂದಿಯಿಂದ ಕೈ ಚಾಚಿ ಟವೆಲ್ ಕೇಳಿದಾಗ ವರ್ಲೀನ್ ಮುಖ ನೋಡಿದಳು. ನೋಡಿದವಳೇ ನೆಟ್ಟಗೆ ಹಾಯ್ಟ್‌ನ ಹತ್ತಿರ ಹೋದಳು.

"ಬ್ರದರ್ ಹಾಯ್ಟ್, ಆ ಕೋಣೇಲಿರೋದು ಮಗು ಕಣ್ರೀ! ಹಲ್ಲಿಗೆ ಇನ್ನೂ ಕ್ಲಿಪ್ ಹಾಕ್ಕೊಂಡಿದೆ."

"ನಿಂಗ್ಯಾಕಮ್ಮ ಊರ ಉಸಾಬರಿ? ಹೋಗು, ದಿಂಬಿನ ಚೀಲ ಬದಲಾಯ್ಸು."

ಊರ ಪೊಲೀಸರಿಗೆ ಹೇಳಿದಳು. "ತಾನೇ ಇಷ್ಟಪಟ್ಟು ಇದೀನಿ ಅಂತಾಳೆ, ನಾವೇನ್ ಮಾಡೋಣ?" ಎಂದು ಅವರು ಕೈತೊಳೆದುಕೊಂಡರು. ಇಷ್ಟವಂತೆ ಇಷ್ಟ! ಅಷ್ಟರಲ್ಲಿ ಹಾಯ್ಟ್ ಅವಳನ್ನು ಕೆಲಸದಿಂದ ಕಿತ್ತುಹಾಕಿದ. ಅವಳು ಬಿಡಲಿಲ್ಲ. ಕಂಡ ಕಂಡ ಕಚೇರಿಗೆಲ್ಲ ಫೋನ್ ಮಾಡುತ್ತಲೇ ಹೋದಳು. ಕೊನೆಗೆ ಜುಲೈನಲ್ಲಿ ಕೇಂದ್ರ ಸರ್ಕಾರದ ಫೆಡರಲ್ ಅಧಿಕಾರಿಗಳು ಬಂದು ಬಾಗಿಲು ಒಡೆದರು. ಹುಡುಗಿಯ ಹೆಸರು ಶೆಲ್ಬಿ, ವಯಸ್ಸು ಹದಿನೈದು.

ಅವಳನ್ನು ಮಾರುತ್ತಿದ್ದವನು ತಪ್ಪೊಪ್ಪಿಕೊಂಡ. ಹಾಯ್ಟ್ ಮಾತ್ರ, "ನಾನು ಬಾಡಿಗೆ ಕೊಟ್ಟೋನು, ಬಾಗಿಲ ಹಿಂದೆ ಏನಾಗುತ್ತೋ ನಂಗೇನ್ ಗೊತ್ತು?" ಎಂದು ಕೋರ್ಟಿನಲ್ಲಿ ನಿಂತ. ಸರ್ಕಾರಿ ವಕೀಲೆ ಪ್ರುಯಿಟ್ ಮೊದಲೇ ವರ್ಲೀನ್‌ಗೆ ಬಿಡಿಸಿ ಹೇಳಿದ್ದಳು.

"ಹದಿನೆಂಟು ತುಂಬದ ಮಗು ಅಂದ್ಮೇಲೆ ಬಲವಂತ ಮಾಡಿದ್ರಾ, ಮೋಸ ಮಾಡಿದ್ರಾ ಅಂತ ಫೆಡರಲ್ ಕಾನೂನು ಕೇಳೋದೇ ಇಲ್ಲ. ಅವಳ ಒಪ್ಪಿಗೆಗೆ ಬೆಲೇನೇ ಇಲ್ಲ. ಮಾರಿದೋನಷ್ಟೇ ಅಲ್ಲ, ಗೊತ್ತಿದ್ದೂ ಆ ದಂಧೆಗೆ ಕೈಜೋಡಿಸಿ ಲಾಭ ತಿಂದೋನಿಗೂ ಹತ್ತು ವರ್ಷಕ್ಕೆ ಕಮ್ಮಿ ಇಲ್ಲ, ಜೀವಾವಧಿವರೆಗೂ ಹೋಗ್ಬಹುದು. ಆದ್ರೆ ಹಾಯ್ಟ್‌ಗೆ ಗೊತ್ತಿತ್ತು ಅನ್ನೋಕೆ ನಿಮ್ಮ ಮಾತೊಂದೇ ಇರೋದು ನಮ್ಮ ಕೈಲಿ."

ವರ್ಲೀನ್ ಕಟಕಟೆ ಹತ್ತಿ ಸಾಕ್ಷಿ ಹೇಳಿದಾಗ ಆ ಮಾತನ್ನೂ ಹಾಯ್ಟ್‌ನ ವಕೀಲ ಮೂರಾಬಟ್ಟೆ ಮಾಡಿದ. "ಕೆಲಸ ಹೋದ ಹೊಟ್ಟೆಉರಿಗೆ ಹೇಳ್ತಿದೀರಿ ಅಲ್ವಾ?" ಎಂದ. ತೀರ್ಪು ಹೇಳಬೇಕಾದ ಜ್ಯೂರಿಯವರು ಉಗುರು ನೋಡಿಕೊಂಡು ಕೂತಿದ್ದರು. ವರ್ಲೀನ್‌ಗೆ ಮೈಯೆಲ್ಲ ಉರಿದುಹೋಯಿತು. ಆ ಮುದುಕ ನಗುತ್ತ ಮನೆಗೆ ಹೋಗುತ್ತಾನೆ, ಮತ್ತೊಂದು ಮಗುವಿಗೆ ಅದೇ ಕೋಣೆ ಕೊಡುತ್ತಾನೆ ಎಂದೇ ಅನ್ನಿಸಿತು.

ಮರುದಿನ ಹಾಯ್ಟ್‌ನ ಒಳ್ಳೆಯತನಕ್ಕೆ ಸಾಕ್ಷಿ ಹೇಳಲು ಚರ್ಚಿನವರು ಬಂದರು. ಮೊದಲು ಪಿಯಾನೋ ನುಡಿಸುವ ಆರ್ವೆಲ್ಲಾ ಕ್ರ್ಯಾಬ್‌ಟ್ರೀ, ಹೊಸ ಹ್ಯಾಟು ಹಾಕಿಕೊಂಡು.

"ಬ್ರದರ್ ಹಾಯ್ಟ್ ಅಂಥ ಕರುಣಾಳು ಇಲ್ಲ ಕಣ್ರೀ. ಬುಧವಾರದ ಪ್ರಾರ್ಥನೇಲಿ ಎದ್ದು ನಿಂತು, 'ನನ್ನ ಮೋಟೆಲ್‌ನಲ್ಲಿ ಒಂದು ಶಾಲೆ ಹುಡುಗಿ ಕೆಟ್ಟ ಗಂಡಸಿನ ಕೈಗೆ ಸಿಕ್ಕಿ ಮೈ ಮಾರ್ಕೊಳ್ತಿದಾಳೆ, ಅವಳಿಗೋಸ್ಕರ ಬೇಡ್ಕೊಳ್ಳಿ' ಅಂತ ಕಣ್ಣೀರಿಟ್ರು!"

ಆ ಊರಲ್ಲಿ ಬುಧವಾರ ಸಂಜೆ ಯಾರ ಮನೆಯ ಗುಟ್ಟನ್ನಾದರೂ ಪ್ರಾರ್ಥನೆಯೆಂದು ಆಡಬಹುದು. ಕಣ್ಣು ಮುಚ್ಚಿ ಆಡಿದ್ದು ಚಾಡಿಯಾಗುವುದಿಲ್ಲ, ದೇವರ ಲೆಕ್ಕಕ್ಕೆ ಹೋಗುತ್ತದೆ. ಕೋರ್ಟಿನ ಲೆಕ್ಕಕ್ಕೂ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ, ಹಾಯ್ಟ್‌ಗಂತೂ ಇಲ್ಲವೇ ಇಲ್ಲ.

ಪ್ರುಯಿಟ್ ಮೆಲ್ಲಗೆ ಎದ್ದಳು. "ಅದು ಯಾವಾಗಮ್ಮ?"

"ಈಸ್ಟರ್‌ಗಿಂತ ಮುಂಚೆ, ಮಾರ್ಚ್‌ನಲ್ಲಿ."

"ಆಮೇಲೆ ನೀವೆಲ್ಲ ಏನ್ ಮಾಡಿದ್ರಿ?"

"ತಲೆ ಬಗ್ಗಿಸಿ ಬೇಡ್ಕೊಂಡ್ವಿ. ಆಮೇಲೆ... ಊಟಕ್ಕೆ ಹೋದ್ವಿ. ಚಿಕನ್ ಇತ್ತು."

ಹಾಯ್ಟ್ ಹಣೆಗೆ ಕೈ ಇಟ್ಟುಕೊಂಡ. ಜ್ಯೂರಿಯವರು ಈಗ ಅವನನ್ನೇ ನೋಡುತ್ತಿದ್ದರು. ಅಂದು ಸಂಜೆಯೇ ಅವನು ತಪ್ಪಿತಸ್ಥನೆಂದು ಹೇಳಿದರು.

ಹೊರಗೆ ಆರ್ವೆಲ್ಲಾ ವರ್ಲೀನ್‌ಳ ತೋಳು ಹಿಡಿದುಕೊಂಡಳು. "ಅಯ್ಯೋ ಸಿಸ್ಟರ್, ನಾನೇ ಅವರನ್ನ ಜೈಲಿಗೆ ಹಾಕಿಸ್ಬಿಟ್ನಲ್ಲ! ಪಾಪ, ನಾವು ಒಳ್ಳೇದಕ್ಕೇ ಬೇಡ್ಕೊಂಡಿದ್ದು."

ವರ್ಲೀನ್ ತೋಳು ಕೊಡವಿದಳು.

"ಚರ್ಚು ತುಂಬ ಜನ ತಲೆ ಬಗ್ಗಿಸಿದ್ರಲ್ಲೇ! ಒಬ್ಬರಾದ್ರೂ ತಲೆ ಎತ್ತಿ ಒಂದು ಫೋನ್ ಮಾಡಿದ್ರೆ ಆ ಮಗು ಈಸ್ಟರ್‌ಗೆ ಅಮ್ಮನ ಮನೇಲಿರ್ತಿತ್ತು."