ಭಾಲ್ಕಿಯ ಮರದ ರೆಕ್ಕೆ

"ನಿಮ್ಮ ಟೈಮಿನಾಗ ಇದನ್ನ ಹ್ಯಾಂಗ ಕಂಟ್ರೋಲ್ ಮಾಡ್ತಿದ್ರಿ ಮೇಡಂ?"

"ಸೈಕಲ್ ಬ್ರೇಕಿನಿಂದ," ಅಂದೆ. ಹುಡುಗಿ ನಕ್ಕಳು. ತಮಾಷೆ ಅಂದುಕೊಂಡಳು.

ಕಳೆದ ವಾರ ಬೀದರಿನಲ್ಲಿ, ನಾನು ಓದಿದ ಇಂಜಿನಿಯರಿಂಗ್ ಕಾಲೇಜಿಗೇ ಪ್ರಾಜೆಕ್ಟ್ ಜಡ್ಜ್ ಆಗಿ ಹೋಗಿದ್ದೆ. ಮೇಜಿನ ಮೇಲೆ ಪುಟ್ಟ ವಿಂಡ್ ಟರ್ಬೈನ್. ಅವಳು ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ರೆಕ್ಕೆಗಳು ಓರೆಯಾಗಿ ವೇಗ ತಗ್ಗುತ್ತಿತ್ತು.

ನಾನು ಹೇಳಿದ್ದು ತಮಾಷೆಯಲ್ಲ. ನಮ್ಮ ಫೈನಲ್ ಇಯರ್ ಬರಗಾಲದ ವರ್ಷ. ಔರಾದಿನಿಂದ ನಾನು ಬರುತ್ತಿದ್ದ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ಗಂಟುಮೂಟೆ. ಜನ ಹೈದರಾಬಾದಿಗೆ ಗುಳೆ ಹೊರಟಿದ್ದರು. ನಾನು, ಗೆಳತಿ ಸುನೀತಾ ಟರ್ಬೈನ್ ಕಟ್ಟುತ್ತಿದ್ದೆವು. ಕೆಳಗೆ ನಿಂತು ಬ್ರೇಕಿನ ತಂತಿ ಎಳೆದರೆ ಮೇಲಿನ ರೆಕ್ಕೆ ಓರೆಯಾಗಬೇಕು. (ಪ್ರಾಜೆಕ್ಟಿನ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಎರಡು ಸಾಲು.) ಮೊದಲ ಟೆಸ್ಟಿನಲ್ಲೇ ತಗಡಿನ ರೆಕ್ಕೆ ಮುರಿದು ಹಾರಿತು. ವೈವಾಕ್ಕೆ ಹತ್ತೇ ದಿನ.

ಮರದ್ದಾದರೆ ತಡೆದೀತು ಎಂದು ಯಾರೋ ಭಾಲ್ಕಿಯ ಬಡಗಿ ಮಾರುತಿ ಕಾಕಾನ ಹೆಸರು ಹೇಳಿದರು. ಹೋದೆವು. ಅವರ ಬಾಗಿಲಲ್ಲೂ ಗಂಟುಮೂಟೆ.

"ಎರಡ್ ವರ್ಷ ಆತು ತಂಗಿ, ಕೂರಿಗಿ ಮಾಡ್ಸಲಾಕ ಒಬ್ರೂ ಬಂದಿಲ್ಲ. ಇವತ್ತ ನಾವೂ ಹೊಂಟೀವಿ."

ಬಿತ್ತನೆಯೇ ಇಲ್ಲದ ಮೇಲೆ ಕೂರಿಗೆ ಯಾರಿಗೆ ಬೇಕು?

ಸುನೀತಾ ಡ್ರಾಯಿಂಗ್ ಬಿಚ್ಚಿದಳು. ಕಾಕಾ ಬಹಳ ಹೊತ್ತು ನೋಡಿದರು. ರೆಕ್ಕೆಯ ಬುಡದಲ್ಲಿ ಒಂದು ಓರೆ, ತುದಿಯಲ್ಲಿ ಇನ್ನೊಂದು. "ಇಂಥಾದ್ದು ನಾ ಎಂದೂ ಮಾಡಿಲ್ಲ," ಎಂದವರು ಹೆಂಡತಿಯ ಕಡೆ ತಿರುಗಿದರು. "ನೀವು ಮುಂದ ನಡೀರಿ. ನಾ ಹಿಂದಿಂದ ಬರ್ತೇನಿ."

"ಅಲ್ಲಿ ಸಿಕ್ಕ ಕೆಲಸ ಹೋದ್ರ ಹ್ಯಾಂಗ್ರಿ?" ಆಕೆ ಕೇಳಿದರು.

ಕಾಕಾ ಉಳಿ, ಬಾಚಿ ಕಟ್ಟಿದ್ದ ಗಂಟು ಬಿಚ್ಚತೊಡಗಿದರು.

ಆರನೆಯ ದಿನ ಮೂರು ರೆಕ್ಕೆಗಳನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ತಾವೇ ಬೀದರಿಗೆ ಬಂದರು. ಕಾಲೇಜಿನ ತಾರಸಿಯ ಮೇಲೆ ಜೋಡಿಸಿದೆವು. ಮಧ್ಯಾಹ್ನ ಬಿಸಿಗಾಳಿ ಎದ್ದಿತು. ಕಂಬ ನಡುಗಿತು. ತಂತಿ ಎಳೆದೆ. ರೆಕ್ಕೆಗಳು ಮೆಲ್ಲಗೆ ಓರೆಯಾದವು. ವೇಗ ಇಳಿಯಿತು.

"ಎತ್ತು ಮಾತ ಕೇಳ್ದಂಗ ಕೇಳ್ತದ ನೋಡ್ ತಂಗಿ," ಎಂದರು ಕಾಕಾ.

ನಾವು ರೀಡಿಂಗ್ ಬರೆದುಕೊಳ್ಳುವ ಸಡಗರದಲ್ಲಿದ್ದೆವು. ತಿರುಗಿ ನೋಡಿದರೆ ಅವರಿಲ್ಲ. ಹೈದರಾಬಾದಿನ ರೈಲಿಗೆಂದು ಸ್ಟೇಷನ್ನಿಗೆ ಹೊರಟುಹೋಗಿದ್ದರು. ಮುಂದೆ ಭಾಲ್ಕಿಯಲ್ಲಿ ಎರಡು ಸಲ ವಿಚಾರಿಸಿದೆ. ಹೋದವರು ಮರಳಿರಲಿಲ್ಲ.

ಕಳೆದ ವಾರ ಆ ಪ್ರದರ್ಶನ ಮುಗಿಸಿ ಲೈಬ್ರರಿಗೆ ಹೋದೆ. ನಮ್ಮ ರಿಪೋರ್ಟ್ ಇನ್ನೂ ಇತ್ತು. ಕೃತಜ್ಞತೆಯ ಪುಟ ತೆರೆದೆ. ಪ್ರಿನ್ಸಿಪಾಲರಿದ್ದಾರೆ, ಗೈಡ್ ಇದ್ದಾರೆ, ಟೈಪ್ ಮಾಡಿಕೊಟ್ಟ ಅಂಗಡಿಯವರೂ ಇದ್ದಾರೆ. ಕಾಕಾ ಇಲ್ಲ.

ಪೆನ್ನು ತೆಗೆದೆ.

"ಅದರಾಗ ಬರೀಬಾರದ್ರಿ ಮೇಡಂ," ಎಂದರು ಲೈಬ್ರರಿಯನ್.

"ಆವಾಗ್ಲೇ ಬರೀಬೇಕಿತ್ರಿ," ಎನ್ನುತ್ತಲೇ ಬರೆದೆ: ಮಾರುತಿ, ಬಡಗಿ, ಭಾಲ್ಕಿ. ಅಡ್ಡಹೆಸರು ಗೊತ್ತಿಲ್ಲ. ಕೇಳಿರಲೇ ಇಲ್ಲ.

ನಿಮ್ಮ ರಿಪೋರ್ಟಿನಲ್ಲಿ ಬಿಟ್ಟುಹೋದ ಹೆಸರು ಯಾರದು?