ವೈಡ್ ಲೆನ್ಸ್ ಕೊಳ್ಳಲು ಹೋದ ದಿನ

ನಲವತ್ತೆಂಟನೆಯ ವಯಸ್ಸಿನಲ್ಲಿ ನನಗೊಂದು ಕ್ಯಾಮೆರಾ ಬೇಕೆನ್ನಿಸಿತು. ಮಗಳು ಓದಲು ಮೈಸೂರಿನ ಹಾಸ್ಟೆಲ್ ಸೇರಿದ್ದಳು. ವಿರೂಪಾಕ್ಷಿಪುರದ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಅಲ್ಲೇ ಗಣಿತ ಹೇಳಿಕೊಡುವ ಗೆಳತಿಯೂ ನಾನೂ ದಸರಾ ರಜೆಯಲ್ಲಿ ಬಾದಾಮಿ, ಐಹೊಳೆ ಸುತ್ತಿಬರುವುದೆಂದು ಮಾತಾಡಿಕೊಂಡಿದ್ದೆವು. ತಾಲೀಮಿಗೆಂದು ಒಂದು ಭಾನುವಾರ ಮಾಗಡಿ ಹತ್ತಿರದ ಸಾವನದುರ್ಗಕ್ಕೆ ಹೋದೆವು. ಕತ್ತೆತ್ತಿ ನೋಡಿದರೆ ಮೈ ಜುಮ್ಮೆನ್ನಿಸುವ ಆ ಬಂಡೆ ನನ್ನ ಫೋನಿನ ಫೋಟೊದಲ್ಲಿ ತಟ್ಟೆಯಲ್ಲಿಟ್ಟ ರಾಗಿಮುದ್ದೆಯಂತೆ ಬಂತು. ಬೆಟ್ಟವನ್ನು ಬೆಟ್ಟವಾಗಿಯೇ ಹಿಡಿಯುವ ಯಂತ್ರ ಬೇಕು ಎಂದು ಆವತ್ತೇ ತೀರ್ಮಾನಿಸಿದೆ.

ಎರಡು ತಿಂಗಳು ಅದೇ ಓದು. ಕನ್ನಡಿ ಇರುವ ಕ್ಯಾಮೆರಾ ಒಳ್ಳೆಯದೋ, ಕನ್ನಡಿ ಇಲ್ಲದ ಹೊಸ ಬಗೆಯದೋ, ಸೆನ್ಸರ್ ಎಷ್ಟು ದೊಡ್ಡದಿರಬೇಕು, ಹೆಗಲಿಗೆ ಎಷ್ಟು ಭಾರ ತಡೆದೀತು, ಟ್ರೈಪಾಡ್ ಬೇಕೇ ಬೇಕೇ. ಪಾಠದ ಟಿಪ್ಪಣಿ ಬರೆಯುವ ಪುಸ್ತಕದ ಹಿಂಬದಿಯಿಂದ ಶುರುಮಾಡಿ ಹದಿನಾರು ಪುಟ ತುಂಬಿಸಿದ್ದೆ. ಅರಗಿನ ಬೊಂಬೆಗಳ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುವ ನನ್ನ ಗಂಡ, "ಪರೀಕ್ಷೆ ನಿನಗೋ, ನಿನ್ನ ಮಕ್ಕಳಿಗೋ?" ಎಂದು ಕೇಳಿದರು. ಒಂದು ವಿಷಯದಲ್ಲಿ ಮಾತ್ರ ನನಗೆ ಅನುಮಾನವಿರಲಿಲ್ಲ. ಬೆಟ್ಟಗುಡ್ಡಗಳಿಗೆ ಅಗಲವಾಗಿ ನೋಡುವ ಲೆನ್ಸ್, ವೈಡ್ ಲೆನ್ಸ್, ಬೇಕು.

ಚನ್ನಪಟ್ಟಣದ ಹಳೇ ಹೆದ್ದಾರಿಯಲ್ಲಿ ಒಂದು ಸ್ಟುಡಿಯೊ ಇದೆ. ಅದರ ಯಜಮಾನರು ಮೂವತ್ತು ವರ್ಷ ಮದುವೆ ಫೋಟೊ ತೆಗೆದವರು. ಈಗ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮಾರುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ಜುಲೈ ತಿಂಗಳ ಒಂದು ಶನಿವಾರ ಶಾಲೆ ಮುಗಿಸಿಕೊಂಡು ಪುಸ್ತಕದ ಸಮೇತ ಅಲ್ಲಿಗೆ ಹೋದೆ. ಅವರು ನನ್ನ ಹದಿನಾರು ಪುಟಗಳನ್ನು ಗೌರವದಿಂದ ತಿರುವಿಹಾಕಿ, "ಓದಿದ್ದು ಸಾಕು ಮೇಡಂ, ಒಸಿ ಕಣ್ಣಿಟ್ಟು ನೋಡಿ" ಎಂದು ವೈಡ್ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಕೈಗೆ ಕೊಟ್ಟರು.

ಬಾಗಿಲಲ್ಲಿ ನಿಂತು ಬಲಗಣ್ಣನ್ನು ಕಿಂಡಿಗೆ ಒತ್ತಿದೆ. ರಸ್ತೆಯಾಚೆ ಬೊಂಬೆ ಅಂಗಡಿ. ಅದರ ಮುಂದೆ ತೂಗುವ ಮರದ ಕುದುರೆಗಳನ್ನು ಸಾಲಾಗಿ ಇಟ್ಟಿದ್ದರು. ನನಗೆ ಒಂದೇ ಕುದುರೆ ಕಂಡಿತು.

"ಇದು ವೈಡ್ ಅಲ್ಲ" ಅಂದೆ.

"ಅಯ್ಯೋ, ಇದ್ಕಿಂತ ಅಗಲ ನನ್ನತ್ರ ಇಲ್ಲ ಮೇಡಂ. ಆ ಕಡೆ ಟೀ ಅಂಗ್ಡಿಯಿಂದ ಈ ಕಡೆ ಹೊಂಗೆ ಮರದ ಗಂಟ ಬತ್ತದೆ."

"ಬರ್ತಾ ಇಲ್ವಲ್ಲ. ನನ್ನ ಫೋನಲ್ಲೇ ಇದಕ್ಕಿಂತ ಜಾಸ್ತಿ ಬರುತ್ತೆ."

ಅವರು ಲೆನ್ಸ್ ಬದಲಿಸಿದರು. ಮತ್ತೆ ಅದೇ ಕುದುರೆ, ಈ ಸಲ ಇನ್ನೂ ದೊಡ್ಡದಾಗಿ. ಬೇರೆ ಕ್ಯಾಮೆರಾ ಕೊಟ್ಟರು. ಅದರಲ್ಲೂ ಅಷ್ಟೇ. ಹಳೇ ಮಾಲನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾರೆ ಎಂಬ ಗುಮಾನಿ ನನಗೆ ಬಂದೇಬಿಟ್ಟಿತು. ಮುಖದಲ್ಲೂ ಅದು ಕಂಡಿರಬೇಕು. ಆದರೆ ಆ ಮನುಷ್ಯ ನನ್ನ ಮುಖ ನೋಡುತ್ತಿರಲಿಲ್ಲ, ಕ್ಯಾಮೆರಾ ಹಿಡಿದ ರೀತಿಯನ್ನು ನೋಡುತ್ತಿದ್ದರು.

"ಕೆಳಗಡೆ ನಂಬರ್ ಎಷ್ಟು ತೋರಿಸ್ತಾ ಐತೆ?"

"ಯಾವ ನಂಬರ್?"

"ಹಸ್ರು ಅಕ್ಷರದಲ್ಲಿ ಇರ್ತದಲ್ಲ."

"ಇಲ್ಲಿ ಯಾವ ನಂಬರೂ ಇಲ್ಲ."

ಅವರು ಕ್ಯಾಮೆರಾ ಇಸಿದುಕೊಂಡು ತಾವು ಕಣ್ಣಿಟ್ಟು ನೋಡಿದರು. ಅಂಗಿಯ ತುದಿಯಿಂದ ಕಿಂಡಿ ಒರೆಸಿದರು. ಕ್ಯಾಮೆರಾ ವಾಪಸ್ ಕೊಟ್ಟು, "ಬೇಜಾರ್ ಮಾಡ್ಕಬ್ಯಾಡಿ. ಎಡಗಣ್ಣಲ್ಲಿ ಒಂದ್ಸಲ ನೋಡಿ" ಅಂದರು.

ಎಡಗಣ್ಣಿಟ್ಟೆ. ಟೀ ಅಂಗಡಿ ಬಂತು. ಅಲ್ಲಿ ಲೋಟ ತೊಳೆಯುತ್ತಿದ್ದ ಹೆಂಗಸು ಬಂದಳು. ಏಳು ಕುದುರೆಗಳು, ಅವುಗಳ ಮೇಲೆ ತೂಗುಬಿಟ್ಟ ಬಣ್ಣದ ಗಿಲಕಿಗಳು, ಹೊಂಗೆ ಮರ, ಅದರ ಕೆಳಗೆ ನಿಲ್ಲಿಸಿದ್ದ ನನ್ನದೇ ಸ್ಕೂಟರ್, ಎಲ್ಲ ಬಂದವು. ಕೆಳಗಡೆ ಹಸಿರು ಅಂಕಿಗಳು ಮಿನುಗುತ್ತಿದ್ದವು.

ಮತ್ತೆ ಬಲಗಣ್ಣಿಟ್ಟೆ. ಒಂದು ಕುದುರೆ. ಅದರ ಸುತ್ತ ಕಪ್ಪು ಕೂಡ ಇಲ್ಲ. ಕಪ್ಪಿದ್ದಿದ್ದರೆ ನನಗೆ ಎಂದೋ ತಿಳಿಯುತ್ತಿತ್ತು. ಸುಮ್ಮನೆ ಏನೂ ಇಲ್ಲ.

ಕ್ಯಾಮೆರಾ ಕೆಳಗಿಟ್ಟು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅಂಗಡಿಯನ್ನು ನೋಡಿದೆ. ಯಜಮಾನರ ಮೂಗು, ಬಾಯಿ, ಬಿಳಿ ಮೀಸೆ ಸ್ಪಷ್ಟವಾಗಿ ಕಂಡವು. ಅವರ ಭುಜಗಳು ಇರಲಿಲ್ಲ. ನೀರಿನ ಲೋಟ ಹಿಡಿದು ಅವರು ಮುಂದೆ ಚಾಚಿದ್ದ ಕೈ ನನ್ನ ಬೆರಳಿಗೆ ತಗುಲಿದಾಗಲೇ ಅದು ಅಲ್ಲಿದೆಯೆಂದು ಗೊತ್ತಾದದ್ದು. ಸ್ಟೂಲಿನ ಮೇಲೆ ಕೂತೆ.

"ನಮ್ಮ ಅಣ್ಣಂಗೂ ಇಂಗೇ ಆಗಿತ್ತು" ಅಂದರು ಅವರು. "ಸೋಮವಾರನೇ ಕಣ್ಣಿನ ಆಸ್ಪತ್ರೆಗೆ ಓಗಿ. ಕ್ಯಾಮೆರಾ ಎಲ್ಲೂ ಓಗಕ್ಕಿಲ್ಲ. ಇವತ್ತು ನೀವು ಕೇಳಿದ್ರೂ ನಾನು ಮಾರಕ್ಕಿಲ್ಲ."

ಸ್ಕೂಟರನ್ನು ಅಲ್ಲೇ ಬಿಟ್ಟು ಮನೆಗೆ ನಡೆದೆ. ದಿನಾ ಓಡಾಡುವ ರಸ್ತೆ. ಪ್ರತಿ ಹೆಜ್ಜೆಗೂ ಕತ್ತನ್ನು ಬಲಕ್ಕೆ ತಿರುಗಿಸುತ್ತ, ಇಷ್ಟು ದಿನ ಯಾವ ಲಾರಿ ನನ್ನನ್ನು ಎಷ್ಟು ಅಂತರದಲ್ಲಿ ದಾಟಿ ಹೋಗಿದೆಯೋ ಎಂದು ಲೆಕ್ಕ ಹಾಕುತ್ತ ಮನೆ ಸೇರಿದೆ.

ಇಪ್ಪತ್ತೆರಡು ವರ್ಷಗಳಿಂದ ಹತ್ತನೆಯ ತರಗತಿಗೆ ನಾನು ಕಣ್ಣಿನ ಪಾಠ ಮಾಡಿದ್ದೇನೆ. ಕಾರ್ನಿಯಾ, ಪಾಪೆ, ಮಸೂರ, ಅಕ್ಷಿಪಟ, ನರ ಎಂದು ಬೋರ್ಡಿನ ಮೇಲೆ ಕಣ್ಣುಮುಚ್ಚಿಕೊಂಡು ಚಿತ್ರ ಬರೆಯಬಲ್ಲೆ ಎಂದು ಜಂಬ ಬೇರೆ. ಅಂಧಬಿಂದು ತೋರಿಸಲು ಪ್ರತಿ ವರ್ಷ ಮಕ್ಕಳಿಂದ ಒಂದು ಕಣ್ಣು ಮುಚ್ಚಿಸಿ ಹಾಳೆಯ ಮೇಲಿನ ಚುಕ್ಕೆ ಮಾಯವಾಗುವುದನ್ನು ಕಾಣಿಸುತ್ತೇನೆ. ಅವರು ಮುಚ್ಚುತ್ತಿದ್ದರು, ನಾನು "ಮುಚ್ಚಿ" ಎನ್ನುತ್ತಿದ್ದೆ. ಒಂದು ಸಲವಾದರೂ ನನ್ನ ಕಣ್ಣು ಮುಚ್ಚಿಕೊಂಡು ನೋಡಿರಲಿಲ್ಲ.

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಗಂಡ ಜೊತೆಗೆ ಬಂದರು. ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಗಲ್ಲ ಊರಿ ಕೂರಿಸಿ, ಒಂದು ಕಣ್ಣಿಗೆ ಪಟ್ಟಿ ಹಾಕಿ, ಕೈಗೆ ಗುಂಡಿ ಕೊಟ್ಟರು. ಎದುರಿಗೆ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಟಕಟಕ ಒತ್ತಿದೆ. ಬಲಗಣ್ಣಿನ ಸರದಿ ಬಂದಾಗ ನಡುವೆ ಒಂದೆರಡು ಚುಕ್ಕೆ ಕಂಡವು, ಆಮೇಲೆ ಕಾಯುತ್ತ ಕೂತೆ. ಯಂತ್ರದ ಗುಂಯ್ ಎಂಬ ಸದ್ದು ಮಾತ್ರ. ತುಂಬ ಹೊತ್ತಾದ ಮೇಲೆ, "ಸಿಸ್ಟರ್, ಇದು ನಿಂತುಹೋಗಿದೆ ಅನ್ಸುತ್ತೆ" ಅಂದೆ.

"ಇಲ್ಲ ಮೇಡಂ, ಮುಗೀತಾ ಬಂತು" ಅಂದಳು ಆಕೆ.

ಅಷ್ಟು ಹೊತ್ತೂ ಆ ಬಿಳಿ ಬೋಗುಣಿಯ ತುಂಬ ಚುಕ್ಕೆಗಳು ಹತ್ತಿ ಆರುತ್ತಿದ್ದವಂತೆ.

ಗ್ಲಾಕೋಮಾ ಎಂದರು ಡಾಕ್ಟರಮ್ಮ. ಕಣ್ಣೊಳಗಿನ ಒತ್ತಡ ನರವನ್ನು ಅಂಚಿನಿಂದ ತಿನ್ನುತ್ತ ಬಂದಿದೆ. ನೋವಿಲ್ಲ, ಕೆಂಪಿಲ್ಲ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರುವುದರಿಂದ ಓದಲು ಬರೆಯಲು ತೊಂದರೆಯಾಗಿಲ್ಲ. ಒಂದು ಕಣ್ಣು ಕಾಣದ್ದನ್ನು ಇನ್ನೊಂದು ಕಣ್ಣು ಆದಷ್ಟು ತುಂಬುತ್ತದೆ, ಉಳಿದದ್ದನ್ನು ಮೆದುಳು ಮುಚ್ಚಿಹಾಕುತ್ತದೆ. "ಹೋದದ್ದು ವಾಪಸ್ ಬರುವುದಿಲ್ಲ. ಎಡಗಣ್ಣಿನಲ್ಲಿ ಈಗ ತಾನೇ ಶುರು. ದಿನಾ ಡ್ರಾಪ್ಸ್ ಹಾಕಿಕೊಂಡರೆ ಅದನ್ನು ಉಳಿಸಿಕೊಳ್ಳಬಹುದು" ಎಂದು, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದರು. ಇಲ್ಲ ಅಂದೆ. ಇದು ರಕ್ತಸಂಬಂಧದಲ್ಲಿ ಬರುವಂಥದು, ತಂದೆ ತಾಯಿ, ಮಕ್ಕಳು, ಎಲ್ಲರನ್ನೂ ಪರೀಕ್ಷೆ ಮಾಡಿಸಿ ಎಂದರು. ಅವ್ವ ಹೋಗಿ ಎಂಟು ವರ್ಷವಾಗಿತ್ತು. ಮಗಳನ್ನು ಅದೇ ವಾರ ಕರೆಸಿ ತೋರಿಸಿದೆವು. ಅವಳ ಕಣ್ಣಿನಲ್ಲಿ ಏನೂ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತದ್ದು ಆಗಲೇ.

ಶಾಲೆಗೆ ಹೋದಾಗ ಗಣಿತದ ಗೆಳತಿಗೆ ಎಲ್ಲ ಹೇಳಿದೆ. ಅವಳು ಬೆಪ್ಪಾಗಿ ನೋಡಿದಳು. "ಅದಕ್ಕೇ ಏನೇ ಮಕ್ಕಳು ಹಾಗನ್ನೋದು?" ಅಂದಳು.

"ಹೇಗೆ?"

"ನಿನ್ನ ಪೀರಿಯಡ್ಡಲ್ಲಿ ಬಲಗಡೆ ಬೆಂಚಿಗೆ ಕಾಂಪಿಟೇಶನ್. ಅಲ್ಲಿ ಕೂತು ಬುತ್ತಿ ಬಿಚ್ಚಿ ತಿಂದರೂ ಮಿಸ್ಸು ಬಯ್ಯಲ್ಲ ಅಂತ. ನೀನು ಬೇಕಂತಲೇ ನೋಡದ ಹಾಗೆ ಇರ್ತೀಯ ಅಂದ್ಕೊಂಡಿದ್ದೆ."

ನನಗೆ ಗೊತ್ತಿಲ್ಲದ್ದು ಐವತ್ತು ಮಕ್ಕಳಿಗೆ ಗೊತ್ತಿತ್ತು.

ಅಪ್ಪ ಇರುವುದು ಕನಕಪುರ ತಾಲ್ಲೂಕಿನಲ್ಲಿ, ಕೋಡಿಹಳ್ಳಿ ದಾಟಿ ಒಂದಷ್ಟು ದೂರ. ನಮ್ಮದು ಕುರಿ ಸಾಕುವ ಮನೆತನ. ಹೊಲವನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಎಪ್ಪತ್ತಾರರ ಅಪ್ಪ ಈಗಲೂ ಹೆಗಲಿಗೆ ಕಂಬಳಿ ಹಾಕಿಕೊಂಡು ನಲವತ್ತು ಕುರಿಗಳ ಹಿಂದೆ ಗುಡ್ಡ ಹತ್ತುತ್ತಾನೆ. ಭಾನುವಾರ ಬಸ್ಸಿಳಿದು ಸೀದಾ ಗುಡ್ಡಕ್ಕೇ ಹೋದೆ. ಅಪ್ಪ ಬಂಡೆಯ ನೆರಳಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ. ನನ್ನ ಕಣ್ಣಿನ ವಿಚಾರವನ್ನೆಲ್ಲ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿ ಕೇಳಿದ.

"ನಿನ್ನ ಕಣ್ಣೂ ನೋಡ್ತೀನಿ, ಅಲ್ಲಾಡಬೇಡ" ಎಂದು ಅವನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿಗೆ ಎರಡು ಬೆರಳು ಹಿಡಿದೆ. "ಎಷ್ಟು?"

ಅಪ್ಪ ತುಟಿಯಂಚಿನ ಎಲೆರಸ ಒರೆಸಿಕೊಂಡ.

"ಎಷ್ಟಪ್ಪಾ?"

"ಆ ಕಣ್ಣ ಕೇಳಬ್ಯಾಡ ಬುಡು" ಅಂದ.

ಬೆರಳನ್ನು ಇನ್ನೂ ಹತ್ತಿರ ತಂದೆ. ಅವನ ರೆಪ್ಪೆ ಬಡಿಯಲೂ ಇಲ್ಲ. ನನ್ನ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು.

"ಯಾವಾಗಿಂದ?"

"ಬಾಳ ವರ್ಸ ಆಯ್ತು ಕಣವ್ವ. ನಿಮ್ಮವ್ವ ಇದ್ದಾಗ್ಲೇ."

"ಅವ್ವಂಗೆ ಗೊತ್ತಿತ್ತಾ?"

"ಊಂ. ಯಾರ್ಗೂ ಯೋಳಬ್ಯಾಡ ಅಂದಿದ್ದೆ. ಯೋಳಿದ್ರೆ ಕುರಿ ಮಾರಿಸಿಬುಡ್ತಿದ್ರಿ ನೀವು. ಕುರಿ ಎಣ್ಸಕ್ಕೆ ಒಂದು ಕಣ್ಣು ಸಾಲಕ್ಕಿಲ್ವಾ?"

ನನಗೆ ಸಿಟ್ಟು ಬಂತು. ಆಗಲೇ ಹೇಳಿದ್ದಿದ್ದರೆ ನಾನೂ ತೋರಿಸಿಕೊಂಡಿರುತ್ತಿದ್ದೆ, ನನ್ನ ಕಣ್ಣು ಉಳಿಯುತ್ತಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂತು. ಅಪ್ಪ ಅಷ್ಟರಲ್ಲಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ, ನನ್ನ ಬಲಗಣ್ಣನ್ನು ತನ್ನ ಎಡಗಣ್ಣಿನಿಂದ ಬಹಳ ಹೊತ್ತು ನೋಡಿದ. "ನಂದು ವಯಸ್ಸಿನ ಕಣ್ಣು ಅಂದ್ಕಂಡಿದ್ದೆ. ನಿಂಗೂ ಕೊಟ್ಬುಟ್ನಾ" ಅಂದ. ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡೆ. ಕುರಿ ಮಾರಿಸುವುದಿಲ್ಲವೆಂದು ಆಣೆ ಮಾಡಿದ ಮೇಲೆಯೇ ಅವನು ಆಸ್ಪತ್ರೆಗೆ ಬರಲು ಒಪ್ಪಿದ್ದು. ಅವನ ಎಡಗಣ್ಣನ್ನು ಉಳಿಸಬಹುದು ಎಂದರು ಡಾಕ್ಟರಮ್ಮ. ಈಗ ಇಬ್ಬರಿಗೂ ಒಂದೇ ಡ್ರಾಪ್ಸ್, ಒಂದೇ ಹೊತ್ತಿಗೆ.

ಸ್ಟುಡಿಯೊಗೆ ನಾನು ಮತ್ತೆ ಹೋದದ್ದು ಆಗಸ್ಟ್ ಕೊನೆಯಲ್ಲಿ. ಹದಿನಾರು ಪುಟಗಳ ಪುಸ್ತಕ ಒಯ್ಯಲಿಲ್ಲ. ಯಜಮಾನರು ಮೊದಲು ನನ್ನ ಕಣ್ಣಿನ ಸಮಾಚಾರ ಕೇಳಿದರು, ಆಮೇಲೆ ಗಾಜಿನ ಬೀರುವಿನಿಂದ ಮೂರು ಕ್ಯಾಮೆರಾ ಇಳಿಸಿದರು. ಎಡಗಣ್ಣಿಟ್ಟರೆ ಮೂಗು ಹಿಂದಿನ ಪರದೆಗೆ ಒತ್ತಿಕೊಳ್ಳುತ್ತದೆ, ಹೆಬ್ಬೆರಳು ಬಂದು ಕೆನ್ನೆಗೆ ತಿವಿಯುತ್ತದೆ. ಎರಡರಲ್ಲಿ ಹಾಗೇ ಆಯಿತು. ಮೂರನೆಯದು ಕನ್ನಡಿ ಇಲ್ಲದ ಹಗುರ ಕ್ಯಾಮೆರಾ. ಅದರ ಪರದೆಯನ್ನು ಪುಸ್ತಕದ ರಟ್ಟಿನಂತೆ ಹೊರಗೆ ತೆರೆಯಬಹುದಿತ್ತು. ಕಿಂಡಿಯ ಗೊಡವೆಯಿಲ್ಲದೆ ಎರಡೂ ಕಣ್ಣು ತೆರೆದು ನೋಡಬಹುದು.

"ಇದ್ಕೆ ವೈಡ್ ಹಾಕ್ಲಾ ಮೇಡಂ, ಬ್ಯಾಡ್ವಾ?" ಎಂದು ಅವರು ಸ್ವಲ್ಪ ಅಳುಕುತ್ತಲೇ ಕೇಳಿದರು.

"ಹಾಕಿ" ಅಂದೆ. ಟೀ ಅಂಗಡಿಯಿಂದ ಹೊಂಗೆ ಮರದವರೆಗಿನ ರಸ್ತೆಯೆಲ್ಲ ಅಂಗೈಯಗಲದ ಪರದೆಯಲ್ಲಿ ಬಂದು ಕೂತಿತು. ಅಂಚುಗಳನ್ನು ಹುಡುಕಿಕೊಂಡು ನಾನು ಹೋಗಬೇಕಾಗಿರಲಿಲ್ಲ, ಅವೇ ನಡುವಿಗೆ ಬಂದಿದ್ದವು. ಆ ಕ್ಯಾಮೆರಾ, ಆ ಲೆನ್ಸ್, ಒಂದು ಟ್ರೈಪಾಡ್, ಇನ್ನೊಂದು ಬ್ಯಾಟರಿ ತೆಗೆದುಕೊಂಡು ಬಂದೆ.

ಮೊದಲ ಫೋಟೊವನ್ನು ಅಪ್ಪನ ಗುಡ್ಡದಲ್ಲೇ ತೆಗೆಯಬೇಕೆಂದು ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಬಂಡೆಯ ಮೇಲೆ ಟ್ರೈಪಾಡ್ ನಿಲ್ಲಿಸಿದೆ. ಎದುರಿಗೆ ಗುಡ್ಡದ ಹಿಂದೆ ಗುಡ್ಡ, ಕಾಡಿನ ಮೇಲೆ ಮೋಡದ ನೆರಳು. ಅಪ್ಪ ಕೆಳಗೆ ಕುರಿಗಳ ಹತ್ತಿರ ಇಳಿದು ಹೋಗಿದ್ದ. ಕ್ಯಾಮೆರಾ ಅಲುಗದಿರಲೆಂದು ಟೈಮರ್ ಇಟ್ಟು ಗುಂಡಿ ಒತ್ತಿ, ಕೈ ಕಟ್ಟಿ ಬೆಟ್ಟವನ್ನೇ ನೋಡುತ್ತ ನಿಂತೆ. ಕ್ಲಿಕ್ ಎಂದಿತು. ಖುಷಿಯಾಗಿ, ಅಪ್ಪನಿಗೆ ತೋರಿಸೋಣವೆಂದು ಎಡಗಡೆಯ ಇಳಿಜಾರಿನ ಕಡೆ ತಿರುಗಿ ದೊಡ್ಡ ದನಿಯಲ್ಲಿ "ಅಪ್ಪಾ" ಎಂದು ಕೂಗಿದೆ.

"ಇಲ್ಲೇ ಇವ್ನಿ ಕಣವ್ವ" ಎಂಬ ಮಾತು ನನ್ನ ಬಲಗಿವಿಯ ಪಕ್ಕದಲ್ಲೇ ಕೇಳಿತು.

ಬೆಚ್ಚಿಬಿದ್ದೆ. ಟ್ರೈಪಾಡ್ ಉರುಳುವುದನ್ನು ಅಪ್ಪನೇ ಹಿಡಿದ. ಯಾವಾಗಲೋ ಮೇಲೆ ಹತ್ತಿ ಬಂದು, ನನ್ನ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಬಲಗಡೆ, ಕ್ಯಾಮೆರಾಗಿಂತ ತುಸು ಮುಂದೆ, ಒಂದು ಮೊಳ ದೂರದಲ್ಲಿ ನಿಂತಿದ್ದನಂತೆ. ಫೋಟೊ ನೋಡಿದರೆ ಅದರ ಬಲ ಅಂಚಿನಲ್ಲಿ ಅವನ ಕಂಬಳಿಯ ಹೆಗಲೂ ಅರ್ಧ ದೊಣ್ಣೆಯೂ ಇದ್ದವು. ಲೆನ್ಸಿಗೆ ಕಂಡಿದ್ದ, ನನಗೆ ಕಂಡಿರಲಿಲ್ಲ. ಎಲ್ಲ ಗೊತ್ತಿದ್ದೂ, ಎರಡು ತಿಂಗಳು ಡ್ರಾಪ್ಸ್ ಹಾಕಿಕೊಂಡೂ, ನನ್ನ ಕಣ್ಣು ಎಷ್ಟು ಹೋಗಿದೆಯೆಂದು ನನಗೆ ನಿಜವಾಗಿ ತಿಳಿದದ್ದು ಆಗ. ಅಪ್ಪ ನಗಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಇಳಿಯುವಾಗ ಅವನು ನನ್ನ ಎಡಗಡೆಗೆ ಬಂದ.

"ಬೇಡಪ್ಪ" ಅಂದೆ. "ಈ ಕಡೆ ಬಂದರೆ ನನಗೆ ನೀನು ಕಾಣ್ತೀಯ. ಆದರೆ ನಾನು ನಿನ್ನ ಬಲಗಡೆಗೆ ಬೀಳ್ತೀನಿ, ನಿನಗೆ ಕಾಣಲ್ಲ."

ಅಪ್ಪ ಅದನ್ನು ಆಗಲೇ ಯೋಚಿಸಿದ್ದ. "ನಾನು ಕಾಣದೆ ನಡೆದು ಕಲ್ತಿವ್ನಿ. ನಿಂಗಿನ್ನೂ ಒಸದು" ಅಂದ. "ನೀನು ಮಾತಾಡ್ತಾ ಬಾ, ಅಷ್ಟು ಸಾಕು. ಎಲ್ಲಿದ್ದೀಯ ಅಂತ ಗೊತ್ತಾಯ್ತದೆ."

ದಾರಿಯಲ್ಲೊಂದು ಸೀತಾಫಲದ ಗಿಡ ಕಂಡಿತು. ಈ ಸಲ ಕಾಯಿ ಚೆನ್ನಾಗಿ ಬಿಟ್ಟಿದೆಯಲ್ಲ ಎಂಬಲ್ಲಿಂದ ಮಾತು ಶುರುಮಾಡಿದೆ.