ಅಕ್ಟೋಬರ್‌ವರೆಗಿನ ಲೈಸೆನ್ಸ್

ಪಕ್ಕದ ಮನೆ ಆಂಟಿಗೆ ವಿಪರೀತ ಸೊಕ್ಕು ಅಂತ ನಾನು ಪೂರ್ತಿ ಒಂದು ವರ್ಷ ನಂಬಿಕೊಂಡಿದ್ದೆ. ಮತ್ತೇನು ಅಂದುಕೊಳ್ಳಬೇಕಿತ್ತು ಹೇಳಿ? ಬೇಲಿಯ ಹತ್ತಿರ ಸಿಕ್ಕಾಗ ನಾನು ಹಲ್ಲು ಕಿರಿದು ಹಾಯ್ ಅಂದರೆ, ಆಕೆ ನನ್ನ ಮುಖ ಬಿಟ್ಟು ನನ್ನ ಕಿವಿಯಾಚೆಯ ಯಾವುದೋ ಮರವನ್ನು ನೋಡಿಕೊಂಡು ಹಾಯ್ ಅನ್ನೋರು. ಎಪ್ಪತ್ತು ದಾಟಿದ ಒಂಟಿ ಅಮೆರಿಕನ್ ಹೆಂಗಸು, ಬೆನ್ನು ಮಾತ್ರ ಕಡ್ಡಿ ಇಟ್ಟ ಹಾಗೆ ನೆಟ್ಟಗೆ. "ಮುಖ ಕೊಟ್ಟು ಮಾತಾಡಿದರೆ ಇವರ ಗಂಟೇನು ಹೋಗತ್ತೋ" ಅಂತ ನಮ್ಮ ಯಜಮಾನರ ಹತ್ತಿರ ಗೊಣಗುತ್ತಿದ್ದೆ. ಅವರು "ಬಿಡೇ, ಅವರ ಪಾಡಿಗೆ ಅವರಿದಾರೆ" ಅಂದು ಪೇಪರ್ ಮಗುಚೋರು.

ಶಾಮ್‌ಬರ್ಗ್‌ನಲ್ಲಿ ಎರಡು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದು, ಯಜಮಾನರ ಹೊಸ ಪ್ರಾಜೆಕ್ಟಿಗಾಗಿ ಡೆಟ್ರಾಯ್ಟ್ ಪಕ್ಕದ ರಾಯಲ್ ಓಕ್‌ಗೆ ಬಂದಿದ್ದೆವು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿತ್ತು ಅಷ್ಟೆ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಊರಲ್ಲಿ ಹೊಲಿಗೆ ಕ್ಲಾಸಿಗೆ ಹೋಗಿ ಕಲಿತಿದ್ದ ವಿದ್ಯೆಯೊಂದೇ ನನ್ನನ್ನು ಹುಚ್ಚು ಹಿಡಿಯದಂತೆ ಕಾಪಾಡಿದ್ದು. ಕನ್ನಡದ ಮನೆಗಳ ಗೆಳತಿಯರಿಗೆ ಬ್ಲೌಸ್ ಹೊಲಿದು ಕೊಡುತ್ತಿದ್ದೆ, ಸೀರೆಗೆ ಫಾಲ್ ಹಚ್ಚುತ್ತಿದ್ದೆ. ದುಡ್ಡಿಲ್ಲ ಕಾಸಿಲ್ಲ, ಬದಲಿಗೆ ಒಂದು ಡಬ್ಬಿ ಹುಳಿಪುಡಿ, ಅದೂ ಸಿಕ್ಕರೆ.

ಮೇ ತಿಂಗಳ ಒಂದು ಮಧ್ಯಾಹ್ನ ಕಿಟಕಿ ತೆಗೆದು ಮಷಿನ್ ಹೊಡೆಯುತ್ತಾ ಕೂತಿದ್ದೆ. ಆಂಟಿ ಬೇಲಿಗೆ ಬಂದು ನಿಂತು ಕೂಗಿದರು. "ನಿನ್ನ ಮಷಿನ್‌ಗೆ ಎಣ್ಣೆ ಬೇಕು. ಸೂಜಿನೂ ಮೊಂಡಾಗಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷದಿಂದ ಮುಖ ನೋಡದವರು ಮೊದಲ ಮಾತಲ್ಲೇ ತಪ್ಪು ಎತ್ತಿ ತೋರಿಸೋದಾ! ಹೊರಗೆ ಹೋಗಿ, "ಆಂಟೀ, ಮಾತಾಡುವಾಗ ಎದುರಿಗಿರೋರ ಮುಖ ನೋಡಬೇಕು ಅಂತ ನಮ್ಮ ಕಡೆ ಹೇಳಿಕೊಡ್ತಾರೆ" ಅಂದೇಬಿಟ್ಟೆ.

"ನಾನು ನಿನ್ನ ಆಂಟಿ ಅಲ್ಲ" ಅಂದರು ಮೊದಲು. ಆಮೇಲೆ ಸ್ವಲ್ಪವೂ ಬೇಜಾರಿಲ್ಲದೆ, "ನೇರ ನೋಡಿದರೆ ನಿನ್ನ ಮುಖ ಇರೋ ಕಡೆ ಮಸಿ ಮೆತ್ತಿದ ಹಾಗಿರತ್ತೆ. ಪಕ್ಕಕ್ಕೆ ನೋಡಿದರೆ ಅಂಚಲ್ಲಿ ಕಾಣ್ತೀಯ. ನಿನ್ನನ್ನು ನೋಡೋಕೇ ನಾನು ಆ ಕಡೆ ನೋಡೋದು" ಅಂದರು.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ. ಕ್ಷಮೆ ಕೇಳೋಕೆ ಹೋದರೆ ಅವರು ಅದನ್ನೆಲ್ಲ ಕೈಬೀಸಿ ತಳ್ಳಿಹಾಕಿ, "ಬಾ, ಒಂದು ಕೆಲಸ ಇದೆ" ಅಂತ ತಮ್ಮ ಗ್ಯಾರೇಜಿನ ಬಾಗಿಲು ಎತ್ತಿದರು.

ಒಳಗೆ ಒಂದು ಕಾರಿತ್ತು. ಕಡು ಹಸಿರು, ಎರಡೇ ಬಾಗಿಲು, ಉದ್ದ ಮೂತಿ. ಮೇಲೆ ಬೆರಳು ದಪ್ಪ ಧೂಳು, ನಾಲ್ಕೂ ಟೈರ್ ಚಪ್ಪಟೆ. ಇಲ್ಲಿ ಇಂಥವನ್ನು ಮಸಲ್ ಕಾರ್ ಅಂತಾರೆ, ಸಣ್ಣ ಮೈಗೆ ಲಾರಿಯಂಥ ಎಂಜಿನ್ ತುರುಕಿದ ಆ ಕಾಲದ ಬಂಡಿಗಳು. ಆಂಟಿ ಕಾರ್ ಕಾರ್ಖಾನೆಗೆ ಸೀಟಿನ ಹೊದಿಕೆ ಹೊಲಿಯುವ ಘಟಕದಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದವರಂತೆ. ಅರವತ್ತೆಂಟನೇ ಇಸವಿಯಲ್ಲಿ ತಮ್ಮ ಸಂಬಳದಲ್ಲೇ ಈ ಕಾರನ್ನು ಹೊಸದಾಗಿ ಕೊಂಡಿದ್ದರು. ಆಗ ಹೆಂಗಸು ಒಬ್ಬಳೇ ಹೋಗಿ ಇಂಥ ಕಾರು ಕೇಳಿದರೆ ಅಂಗಡಿಯವನು "ಗಂಡನ್ನ ಕರಕೊಂಡು ಬನ್ನಿ" ಅಂತಿದ್ದನಂತೆ. ಘಟಕ ಮುಚ್ಚಿದ ವರ್ಷ, ಇದೊಂದು ಚಳಿಗಾಲ ನಿಲ್ಲಿಸೋಣ ಅಂತ ನಿಲ್ಲಿಸಿದ್ದು ಹದಿನಾರು ವರ್ಷ ನಿಂತೇಬಿಟ್ಟಿತ್ತು.

"ಅಕ್ಟೋಬರ್‌ನಲ್ಲಿ ನನ್ನ ಹುಟ್ಟಿದಹಬ್ಬ. ಅವತ್ತಿಗೆ ಲೈಸೆನ್ಸ್ ಮುಗಿಯತ್ತೆ. ರಿನ್ಯೂ ಮಾಡಿಸೋಕೆ ಹೋದರೆ ಕಣ್ಣು ಟೆಸ್ಟ್ ಮಾಡ್ತಾರೆ, ನಾನು ಪಾಸಾಗಲ್ಲ. ಅಷ್ಟರೊಳಗೆ ಒಂದು ಸಲ, ಹಗಲು ಹೊತ್ತಲ್ಲಿ, ವುಡ್‌ವರ್ಡ್ ರಸ್ತೆ ಮೇಲೆ ಇದನ್ನು ನಾನೇ ಓಡಿಸಬೇಕು" ಅಂದರು. ರಿಪೇರಿ ಅಂಗಡಿಯವರು ಹೇಳಿದ ರೇಟಿಗೆ ಇನ್ನೊಂದು ಕಾರೇ ಬರುತ್ತಿತ್ತು. ಆಕೆಗಿದ್ದದ್ದು ಪೆನ್ಷನ್ ಒಂದೇ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರೋ ಬ್ರೇಕ್ ಎಂಜಿನಿಯರ್! ದಿನವಿಡೀ ಕಂಪ್ಯೂಟರಿನಲ್ಲಿ ಬ್ರೇಕ್ ಡಿಸೈನ್ ಮಾಡೋರು. ಆದರೆ ಮನೆ ಕಾರಿನ ಚಕ್ರ ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆಯಿಲ್ ಬದಲಿಸೋಕೂ ಅಂಗಡಿಗೇ ಹೋಗೋರು. "ರೀ, ನಿಮ್ಮ ಕೈಲಾಗತ್ತಾ?" ಅಂತ ಕೆಣಕಿದೆ. ಕೆಣಕಿದ್ದೇ ತಪ್ಪಾಯಿತು. ಆ ಶನಿವಾರದಿಂದ ಆ ಮನುಷ್ಯನ ಎರಡು ಕಾಲು ಮಾತ್ರ ನನಗೆ ಕಾಣುತ್ತಿದ್ದದ್ದು, ಮಿಕ್ಕಿದ್ದೆಲ್ಲ ಕಾರಿನ ಕೆಳಗೆ.

ಟ್ಯಾಂಕಿನಲ್ಲಿ ಉಳಿದಿದ್ದ ಹಳೇ ಪೆಟ್ರೋಲ್ ವಾರ್ನಿಷ್ ಥರ ಅಂಟಂಟಾಗಿತ್ತು. ಬ್ರೇಕುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಹಳೇ ಕಾರುಗಳ ಗುಜರಿಗೆ ಹೋಗಿ, ಬಿಸಿಲಲ್ಲಿ ಒಂದೊಂದು ಬಂಡಿಯ ಕೆಳಗೂ ತೂರಿ, ಬೇಕಾದ ಭಾಗ ತಾವೇ ಬಿಚ್ಚಿಕೊಂಡು ಬರೋರು. ಬ್ರೇಕಿನ ಭಾಗಗಳನ್ನು ಮಾತ್ರ ಹೊಸದೇ ಹಾಕಿದರು, ಅದರಲ್ಲಿ ಉಳಿತಾಯ ಬೇಡ ಅಂತ ಹಟ ಹಿಡಿದರು. ಕಾರ್ಬುರೇಟರನ್ನು ನಮ್ಮ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದಾಗ ಮಾತ್ರ ನಾನು ಸುಮ್ಮನಿರಲಿಲ್ಲ. ಮೂರು ದಿನ ಅನ್ನಕ್ಕೂ ಪೆಟ್ರೋಲ್ ವಾಸನೆ.

ಸೀಟು ನನ್ನ ಪಾಲಿಗೆ ಬಂತು. ಹದಿನಾರು ವರ್ಷ ಇಲಿಗಳು ಅದರಲ್ಲಿ ಸಂಸಾರ ಮಾಡಿದ್ದವು. ಆಂಟಿಯ ನೆಲಮಾಳಿಗೆಯಲ್ಲಿ, ಘಟಕ ಮುಚ್ಚುವಾಗ ಅಗ್ಗಕ್ಕೆ ಕೊಂಡಿದ್ದ ಒಂದು ದೈತ್ಯ ಹೊಲಿಗೆ ಮಷಿನ್ ಇತ್ತು. ಅದರ ಪೆಡಲ್ ಮುಟ್ಟಿದರೆ ಸಾಕು, ಸೂಜಿ ಗುಂಡು ಹೊಡೆದ ಹಾಗೆ ಓಡುತ್ತಿತ್ತು. ಮೊದಲ ಸಲ ನಾನು ಹೆದರಿ ಕುರ್ಚಿಯಿಂದ ಎದ್ದೇಬಿಟ್ಟೆ. ಆಂಟಿ ಪಕ್ಕದಲ್ಲಿ ಕೂತು, ರೆಕ್ಸಿನ್ನಿನ ಎರಡು ಪದರದ ನಡುವೆ ದಾರದ ಅಂಚುಪಟ್ಟಿ ಇಟ್ಟು, ಗೋಡೆ ಕಡೆ ಮುಖ ಮಾಡಿಕೊಂಡು, ಒಂದೇ ಉಸಿರಿಗೆ ಒಂದು ಮೊಳ ಹೊಲಿದು ತೋರಿಸಿದರು. ದಾರ ಎಳೆದ ಹಾಗೆ ನೇರ! ನನ್ನ ಕಣ್ಣು ಎರಡೂ ಚೆನ್ನಾಗಿವೆ, ಆದರೂ ಇವತ್ತಿಗೂ ಹಾಗೆ ಹೊಲಿಯೋಕೆ ನನಗೆ ಬರಲ್ಲ.

ಅಳತೆಗೆ ನನಗೇನೂ ಹೇಳಿಕೊಡಬೇಕಿರಲಿಲ್ಲ. ನಮ್ಮಲ್ಲಿ ದರ್ಜಿಗೆ ಅಳತೆ ಬ್ಲೌಸ್ ಕೊಡುತ್ತೇವಲ್ಲ, ಹಾಗೇ ಹಳೇ ಹೊದಿಕೆಯನ್ನು ಹೊಲಿಗೆ ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ಹೊಸ ರೆಕ್ಸಿನ್ ಮೇಲಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹತ್ತು ದಿನ ಕೂತು ಡ್ರೈವರ್ ಸೀಟಿನ ಹೊದಿಕೆ ಮುಗಿಸಿದೆ. ನನಗೆ ನಾನೇ ಭೇಷ್ ಅಂದುಕೊಂಡೆ. ಅದನ್ನು ಸೀಟಿಗೆ ಏರಿಸಿ, ತಂತಿ ಉಂಗುರಗಳಿಂದ ಸ್ಪ್ರಿಂಗಿಗೆ ಬಿಗಿದಾಗ ಮಾತ್ರ ಎಲ್ಲ ಹೊಲಿಗೆಯ ಉದ್ದಕ್ಕೂ ಹಗ್ಗ ಮಲಗಿಸಿದಂಥ ದಿಂಡು ಎದ್ದಿತು. ಮೂಲೆಗಳು ಬಿರಿಯುವ ಹಾಗೆ ಬಿಗಿದುಕೊಂಡವು. ನನಗೆ ತಲೆಬುಡ ತಿಳಿಯಲಿಲ್ಲ. ಅಳತೆ ಕರಾರುವಾಕ್ಕಾಗಿತ್ತು, ನಾನು ಮೂರು ಸಲ ನೋಡಿದ್ದೆ.

ಆಂಟಿ ಬಂದು ಅಂಗೈಯನ್ನು ಸೀಟಿನ ಮೇಲೆ ಹಾಯಿಸಿದರು. ಒಂದು ಕಡೆ ನಿಲ್ಲಿಸಿ, ಬೆರಳಲ್ಲಿ ಒತ್ತಿ, "ಒಳಗೆ ಎಷ್ಟು ಬಿಟ್ಟಿದ್ದೀಯ?" ಅಂದರು.

"ಒಂದೂವರೆ ಇಂಚು."

"ಯಾಕೆ?"

ಯಾಕೆ ಅಂದರೆ ಏನು ಹೇಳೋದು! ಬ್ಲೌಸ್ ಹೊಲಿಯುವಾಗ ಒಳಗೆ ಬಟ್ಟೆ ಬಿಡದೆ ಇರುತ್ತಾರಾ ಯಾರಾದರೂ? ಮದುವೆಯಾಗಿ ವರ್ಷಕ್ಕೆ ಹೆಂಗಸರು ದಪ್ಪಗಾಗುತ್ತಾರೆ, ಬಾಣಂತನ ಆಗುತ್ತೆ, ಆಗ ಒಂದು ಹೊಲಿಗೆ ಬಿಚ್ಚಿದರೆ ಅದೇ ಬ್ಲೌಸ್ ಮತ್ತೆ ಹಿಡಿಸಬೇಕು. ಒಳಗೆ ಬಿಡದೆ ಹೊಲಿದವಳನ್ನು ನಮ್ಮ ಹೊಲಿಗೆ ಟೀಚರ್ ದುರಾಸೆಯವಳು ಅಂತ ಬೈಯೋರು. ನನ್ನ ಕೈಗೆ ಅದು ಹೇಳದೆಯೇ ಬರುತ್ತಿತ್ತು. ಇದನ್ನೆಲ್ಲ ನನ್ನ ಹರುಕು ಮುರುಕು ಇಂಗ್ಲಿಷಿನಲ್ಲಿ ಆಂಟಿಗೆ ವಿವರಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವವರೆಗೆ, ಗ್ಯಾರೇಜಿನ ಕಂಬ ಹಿಡಿದುಕೊಂಡು. "ಕಾರು ಬಸುರಿಯಾಗತ್ತಾ?" ಅಂದರು. ಕಾರಿನ ಕೆಳಗಿಂದ ನಮ್ಮ ಯಜಮಾನರೂ ನಕ್ಕಿದ್ದು ಕೇಳಿಸಿತು. "ನೀವು ಬಾಯಿ ಮುಚ್ಚಿಕೊಂಡು ಬ್ರೇಕ್ ನೋಡಿ" ಅಂತ ರೇಗಿದೆ.

ಉಂಗುರಗಳನ್ನೆಲ್ಲ ಮತ್ತೆ ಕಿತ್ತು ಹೊದಿಕೆ ಕಳಚಿದೆವು. ಆಂಟಿ ಕತ್ತರಿಯನ್ನು ನನ್ನ ಕೈಗಿಟ್ಟು, "ಅರ್ಧ ಇಂಚು ಇಟ್ಟು ಮಿಕ್ಕಿದ್ದು ತೆಗಿ" ಅಂದರು. ನನಗೆ ಕೈಯೇ ಬರಲಿಲ್ಲ. ಬೇಕಾದರೆ ನಗಿ, ಆದರೆ ಮುಂದಕ್ಕೆ ಅಂತ ಬಿಟ್ಟ ಬಟ್ಟೆಯನ್ನು ಕತ್ತರಿಸೋದು ನನಗೆ ಅಪಶಕುನದಂತೆ ಕಂಡಿತು. "ಇರಲಿ ಆಂಟಿ, ಮುಂದೆ ಯಾವತ್ತಾದರೂ..." ಅಂದೆ.

"ನನ್ನ ಹತ್ತಿರ ಮುಂದೆ ಇಲ್ಲ. ಇದೊಂದು ಬೇಸಿಗೆ ಇದೆ. ಕತ್ತರಿಸು" ಅಂದರು.

ಕತ್ತರಿಸಿದೆ. ಕಪ್ಪು ಪಟ್ಟಿಗಳು ಕಾಲ ಬಳಿ ರಾಶಿ ಬಿದ್ದವು. ಮತ್ತೆ ಏರಿಸಿದಾಗ ಹೊದಿಕೆ ಸೀಟಿಗೆ ಚರ್ಮದ ಹಾಗೆ ಕೂತಿತು. ಆಂಟಿ ಇನ್ನೊಮ್ಮೆ ಅಂಗೈ ಹಾಯಿಸಿ ಒಳಗೆ ಹೋಗಿ ನಮ್ಮಿಬ್ಬರಿಗೂ ಕಾಫಿ ತಂದರು. ಅದು ಕಾಫಿಯೂ ಅಲ್ಲ ಏನೂ ಅಲ್ಲ, ಬಿಸಿನೀರು, ಆದರೂ ಅವತ್ತು ಎರಡು ಲೋಟ ಕುಡಿದೆ.

ಆಗಸ್ಟ್ ಕೊನೆಯಲ್ಲಿ ಎಂಜಿನ್ ಹತ್ತಿಸಿದೆವು. ಮೊದಲ ಮೂರು ಸಲ ಬರೀ ಕೆಮ್ಮು. ಆಂಟಿ ಮುಂದಿನ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು, ತಲೆ ಓರೆ ಮಾಡಿ, "ಇನ್ನೊಂಚೂರು ತಿರುಗಿಸು, ಹ್ಞಾಂ, ಇನ್ನೊಂದು ಕೂದಲೆಳೆ" ಅಂತ ಯಜಮಾನರಿಗೆ ಹೇಳಿಕೊಡುತ್ತಿದ್ದರು. ನಾಲ್ಕನೇ ಸಲಕ್ಕೆ ಹತ್ತಿತು. ಅಬ್ಬಬ್ಬಾ! ಅದು ಸದ್ದಲ್ಲ. ಅಂಗಾಲಿನಿಂದ ಹೊಕ್ಕು ಪಕ್ಕೆಲುಬಿನಲ್ಲಿ ನಡುಗಿತು. ಗ್ಯಾರೇಜಿನ ಗಾಜು ಗಡಗಡ ಅಂದಿತು, ಮೇಲಿಂದ ಧೂಳು ಉದುರಿತು. ಹದಿನಾರು ವರ್ಷ ಸುಮ್ಮನೆ ನಿಂತಿದ್ದ ಕಬ್ಬಿಣಕ್ಕೆ ಅಷ್ಟೊಂದು ಜೀವ ಎಲ್ಲಿತ್ತು? ನನಗೆ ದೇವರ ಮುಂದೆ ನಿಂತಾಗ ಆಗುವ ಹಾಗೆ ಕೈ ತಾನಾಗಿ ಜೋಡಿಸಿಕೊಂಡಿತು. ಎಣ್ಣೆ ಮೆತ್ತಿದ ಮುಖದ ಯಜಮಾನರು ನನ್ನನ್ನು ನೋಡಿದರು. ನಾನೂ ಮೊದಲ ಬಾರಿಗೆ ನೋಡುವ ಹಾಗೆ ಅವರನ್ನು ನೋಡಿದೆ.

ಇನ್ಶೂರೆನ್ಸ್, ನಂಬರ್ ಪ್ಲೇಟು, ಟೈರು ಅಂತ ಸೆಪ್ಟೆಂಬರ್ ಪೂರ್ತಿ ಮುಗಿದುಹೋಯಿತು. ಹುಟ್ಟಿದಹಬ್ಬಕ್ಕೆ ನಾಲ್ಕು ದಿನ ಇರುವಾಗ, ಬಿಸಿಲು ಚೆನ್ನಾಗಿದ್ದ ಒಂದು ಬೆಳಗ್ಗೆ, ಆಂಟಿ ತುಟಿಗೆ ಕೆಂಪು ಹಚ್ಚಿಕೊಂಡು ಸ್ಟೀರಿಂಗ್ ಮುಂದೆ ಕೂತರು. ನಾನು ಪಕ್ಕದಲ್ಲಿ. ಯಜಮಾನರು ಆಫೀಸಿಗೆ ಹೋಗಿದ್ದರು. ನಿಜ ಹೇಳಬೇಕೆಂದರೆ ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಆಂಟಿ ಕನ್ನಡಿ ನೋಡಿದರು, ತಲೆ ಆ ಕಡೆ ಈ ಕಡೆ ಓರೆ ಮಾಡಿ ಅಂಚಿನಿಂದ ನೋಡಿದರು, ರಿವರ್ಸ್ ಹಾಕಿ ಡ್ರೈವ್‌ವೇಯಲ್ಲಿ ಮೆಲ್ಲಗೆ ಹಿಂದಕ್ಕೆ ಬಿಟ್ಟರು.

"ನಿಲ್ಸಿ!" ಅಂತ ಕಿರುಚಿದೆ.

ಬ್ರೇಕ್ ಹಿಡಿಯಿತು. ಪೋಸ್ಟಿನವನು ಕಾರಿನ ಹಿಂದೆ ಮೂರು ಅಡಿ ದೂರದಲ್ಲಿ ಫುಟ್‌ಪಾತ್ ದಾಟುತ್ತಿದ್ದ. ಅವನಿಗೆ ಏನೂ ಗೊತ್ತಾಗಲಿಲ್ಲ. ಕಾರು ಚೆನ್ನಾಗಿದೆ ಅಂತ ಹೆಬ್ಬೆರಳು ಎತ್ತಿ ತೋರಿಸಿ, ಮುಂದಿನ ಮನೆಗೆ ಹೋದ.

"ಯಾರು?" ಅಂದರು ಆಂಟಿ.

"ಪೋಸ್ಟ್."

"ನನಗೆ ಕಾಣಲಿಲ್ಲ."

ಎಂಜಿನ್ ಆಫ್ ಮಾಡಿದರು. ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು. ಲೈಸೆನ್ಸಿಗೆ ಇನ್ನೂ ನಾಲ್ಕು ದಿನ ಇತ್ತು, ತಡೆಯುವವರು ಯಾರೂ ಇರಲಿಲ್ಲ, ನಾನಂತೂ ಬೇಡ ಅಂದಿರಲಿಲ್ಲ. ಆಕೆ ತಾವಾಗಿ ಬಾಗಿಲು ತೆಗೆದು ಇಳಿದರು. ಬಾನೆಟ್ ಸವರಿಕೊಂಡು ಸುತ್ತಿ ನನ್ನ ಕಡೆ ಬಂದು, "ಜರುಗು. ನಿನಗೆ ಗೇರ್ ಕಾರು ಬರತ್ತಾ?" ಅಂದರು.

ಊರಲ್ಲಿ ಡ್ರೈವಿಂಗ್ ಸ್ಕೂಲಿನ ಹಳೇ ಕಾರಿನಲ್ಲಿ ಕಲಿತಿದ್ದೆ ಅಂದೆ. ಈ ದೇಶಕ್ಕೆ ಬಂದು ಲೈಸೆನ್ಸ್ ತೆಗೆದುಕೊಂಡದ್ದು ಆಟೋಮ್ಯಾಟಿಕ್ ಕಾರಿನಲ್ಲಿ, ಕ್ಲಚ್ ಮುಟ್ಟಿರಲಿಲ್ಲ. ಅದು ಇನ್ನೊಂದು ಬದಿಯ ಸ್ಟೀರಿಂಗ್ ಬೇರೆ.

"ಕಾಲಿನ ಕೆಲಸ ನಿಂದು, ಕಣ್ಣಿನ ಕೆಲಸ ನಿಂದು. ಗೇರಿಗೆ ಕೈ ಹಾಕಬೇಡ" ಅಂದರು.

ಹಾಗೇ ಹೊರಟೆವು. ಗೇರಿನ ಕೋಲು ನಮ್ಮಿಬ್ಬರ ನಡುವೆ, ಅದರ ಮೇಲೆ ಆಕೆಯ ಎಡಗೈ. ಎಂಜಿನ್ ಸದ್ದು ಏರುತ್ತಾ ಏರುತ್ತಾ ಒಂದು ಹದಕ್ಕೆ ಬರುತ್ತಿದ್ದಂತೆ "ಕ್ಲಚ್" ಅನ್ನೋರು, ನಾನು ಒತ್ತುವುದೇ ತಡ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೇರ್ ಬೀಳುತ್ತಿತ್ತು. ಒಂದು ಸಲವೂ ಕರಕರ ಅನ್ನಲಿಲ್ಲ. ನಾಲ್ಕನೇ ಬೀದಿ ದಾಟುವ ಹೊತ್ತಿಗೆ ಅವರು "ಕ್ಲಚ್" ಅನ್ನುವುದನ್ನೂ ನಿಲ್ಲಿಸಿದರು. ನನ್ನ ಕಾಲಿಗೇ ಗೊತ್ತಾಗುತ್ತಿತ್ತು. ವುಡ್‌ವರ್ಡ್‌ಗೆ ತಿರುಗಿದಾಗ ರಸ್ತೆ ಅಗಲವಾಗಿ ಬಿಚ್ಚಿಕೊಂಡಿತು, ಆಕೆ ಗೇರನ್ನು ಮೂರಕ್ಕೆ ತಳ್ಳಿದರು, ನನ್ನ ಬೆನ್ನು ಸೀಟಿಗೆ ಅಂಟಿತು. ನಾನು ಕೂಗಿಕೊಂಡೆ. ಹೆದರಿಕೆಗಲ್ಲ. ಅಷ್ಟು ದೊಡ್ಡದೊಂದು ಶಕ್ತಿ ನನ್ನ ಪಾದ ಮತ್ತು ಆ ಮುದಿ ಕೈ ಎರಡರ ಮಾತು ಕೇಳುತ್ತಿದೆ ಅನ್ನುವುದು ತಡೆಯಲಾಗದೆ ಕೂಗಿಕೊಂಡೆ. ಆಂಟಿಯ ಕೂದಲೆಲ್ಲ ಗಾಳಿಗೆ ಹಾರಿ ಬಾಯಿಗೆ ಬರುತ್ತಿತ್ತು, ಉಗಿದುಕೊಂಡು ನಗುತ್ತಿದ್ದರು.

ಹನ್ನೆರಡನೇ ಮೈಲಿ ಅನ್ನುವ ಅಡ್ಡರಸ್ತೆಯ ಸಿಗ್ನಲ್ಲಿಗೆ ಕೆಂಪು ಬಿತ್ತು. ಪಕ್ಕದ ಲೇನಿನಲ್ಲಿ ಹೊಸ ಕಾರೊಂದು ಬಂದು ನಿಂತು, ಅದರಲ್ಲಿದ್ದ ಟೋಪಿಯ ಗಂಡಸು ಕಿಟಕಿ ಇಳಿಸಿದ. ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಸ್ಟೀರಿಂಗ್ ಹಿಡಿದಿದ್ದ ನನ್ನನ್ನು ನೋಡಿ, "ಎಂಥಾ ಕಾರು ಮೇಡಂ! ಯಾರದು?" ಅಂತ ಕೂಗಿದ.

ನಾನು ಬಾಯಿ ತೆಗೆಯುವುದರೊಳಗೆ ಆಂಟಿ ನನ್ನ ಮುಂದಕ್ಕೆ ಬಗ್ಗಿ ಉತ್ತರ ಕೊಟ್ಟರು.

"ನಂದು. ಓಡಿಸ್ತಿರೋದೂ ನಾನೇ."

"ಹಸಿರು ಬಂತು" ಅಂದೆ ನಾನು. ಕ್ಲಚ್ ಒತ್ತಿದೆ. ಅವರು ಗೇರ್ ಹಾಕಿದರು.